ಕಣಜ ತುಂಬಿದಾಗ: ಹಲವು ಸರ್ವರುಗಳಲ್ಲಿ ಕಡತಗಳ ವ್ಯವಸ್ಥೆ

ಸುಗ್ಗಿ ಮುಗಿದ ಮೇಲೆ ರೈತನು ತನ್ನ ಬೆಳೆಯನ್ನು ಕಣಜಕ್ಕೆ ತುಂಬುತ್ತಾನೆ. ಬೆಳೆ ಹೆಚ್ಚಾಗಿ ಒಂದು ಕಣಜ ಸಾಲದೆ ಹೋದರೆ ಪಕ್ಕದಲ್ಲಿ ಇನ್ನೊಂದನ್ನು ಕಟ್ಟಿಸುತ್ತಾನೆ. ಇದರಿಂದ ಅವನಿಗೆ ಹೊಸ ತೊಡಕೇನೂ ಬರುವುದಿಲ್ಲ. ಅಡಿಗೆಗೆ ರಾಗಿ ಬೇಕಾದಾಗ ಯಾವ ಕಣಜದಿಂದ ತೆಗೆದರೂ ರಾಗಿ ರಾಗಿಯೇ. ಆದರೆ ಕಣಜದಲ್ಲಿರುವುದು ರಾಗಿಯಲ್ಲ, ಕಾಗದಪತ್ರಗಳು ಎಂದು ಭಾವಿಸೋಣ. ಆಗ ಸಂಗತಿ ಪೂರ್ತಿ ಬೇರೆಯಾಗುತ್ತದೆ. ಒಂದು ಪತ್ರದ ಬದಲಿಗೆ ಇನ್ನೊಂದು ನಡೆಯದು. ಜಮೀನಿನ ಕ್ರಯಪತ್ರವನ್ನು ಕೇಳಿದವನಿಗೆ ಮಗನ ಅಂಕಪಟ್ಟಿಯನ್ನು ತಂದುಕೊಟ್ಟರೆ ಆದೀತೆ? ಪತ್ರವು ಯಾವ ಕಣಜದಲ್ಲಿದೆ ಎಂಬುದು ತಿಳಿಯದಿದ್ದರೆ ಎಲ್ಲ ಕಣಜಗಳನ್ನೂ ಬರಿದುಮಾಡಿ ಹುಡುಕಬೇಕಾಗುತ್ತದೆ. ಇದ್ದೂ ಸಿಗದ ಪತ್ರ ಇಲ್ಲದ ಪತ್ರಕ್ಕೆ ಸಮ.

ಕಂಪ್ಯೂಟರುಗಳಲ್ಲಿ ಮಾಹಿತಿಯನ್ನು ಕೂಡಿಡುವ ಕೆಲಸವು ಈ ಎರಡನೆಯ ಬಗೆಯದು. ಒಂದೊಂದು ಕಡತಕ್ಕೂ ಒಂದೊಂದು ಹೆಸರುಂಟು. ಕೇಳಿದವರಿಗೆ ಆ ಕಡತವನ್ನೇ ಕೊಡಬೇಕು. ಹಲವು ಜನರ ಕಡತಗಳನ್ನು ಒಂದೆಡೆ ಕಾಪಾಡಿ, ಬೇಕೆಂದವರಿಗೆ ಜಾಲದ ಮೂಲಕ ಒದಗಿಸುವ ಕಂಪ್ಯೂಟರಿಗೆ ಫೈಲ್ ಸರ್ವರ್ ಎಂದು ಹೆಸರು. ಆಸ್ಪತ್ರೆಯ ರೋಗಿಗಳ ದಾಖಲೆ, ಬ್ಯಾಂಕಿನ ಲೆಕ್ಕ, ವಿದ್ಯಾರ್ಥಿಯ ಪ್ರಬಂಧ ಎಲ್ಲವೂ ಇಂತಹ ಯಂತ್ರಗಳಲ್ಲಿರುತ್ತವೆ. ಒಂದು ಸರ್ವರು ತುಂಬಿ ಎರಡನೆಯದು, ಮೂರನೆಯದು, ನೂರನೆಯದು ಬೇಕಾದಾಗ ಏನು ಮಾಡಬೇಕು? ಕಡತಗಳು ಕಳೆಯದಂತೆ, ಹುಡುಕುವವರು ದಾರಿತಪ್ಪದಂತೆ ವ್ಯವಸ್ಥೆಯನ್ನು ಬೆಳೆಸುವ ಬಗೆ ಹೇಗೆ? ಇದನ್ನೇ ನಾವು ಈ ಲೇಖನದಲ್ಲಿ ವಿಚಾರಮಾಡೋಣ.

ಬೆಳವಣಿಗೆಯ ಲೆಕ್ಕ

ಮೊದಲು ಪ್ರಮಾಣವನ್ನು ತಿಳಿಯೋಣ. ಕಂಪ್ಯೂಟರಿನಲ್ಲಿ ಒಂದು ಇಂಗ್ಲಿಷ್ ಅಕ್ಷರವನ್ನು ಬರೆದಿಡಲು ಸಾಕಾಗುವ ಜಾಗಕ್ಕೆ ಬೈಟ್ ಎನ್ನುತ್ತಾರೆ. ಕನ್ನಡದ ಒಂದು ಮೂಲಾಕ್ಷರಕ್ಕೆ, ಈಗ ರೂಢಿಯಲ್ಲಿರುವ ಸಂಕೇತಕ್ರಮದಲ್ಲಿ, ಮೂರು ಬೈಟುಗಳು ಬೇಕು. ಹತ್ತು ಲಕ್ಷ ಬೈಟುಗಳು ಒಂದು ಮೆಗಾಬೈಟ್. ಸಾವಿರ ಮೆಗಾಬೈಟುಗಳು ಒಂದು ಗಿಗಾಬೈಟ್. ಸಾವಿರ ಗಿಗಾಬೈಟುಗಳು ಒಂದು ಟೆರಾಬೈಟ್. ಅಂದರೆ ಒಂದು ಟೆರಾಬೈಟಿನಲ್ಲಿ ಲಕ್ಷ ಕೋಟಿ ಬೈಟುಗಳಿವೆ.

೧೯೫೬ರಲ್ಲಿ ಐಬಿಎಂ ಕಂಪನಿಯು ಮಾರಾಟಕ್ಕೆ ತಂದ ಮೊತ್ತಮೊದಲ ಡಿಸ್ಕ್ ಯಂತ್ರದಲ್ಲಿ ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿದ್ದುವು. ಅಷ್ಟು ದೊಡ್ಡ ಯಂತ್ರದಲ್ಲಿ ಹಿಡಿಯುತ್ತಿದ್ದುದು ೫೦ ಲಕ್ಷ ಅಕ್ಷರಗಳು ಮಾತ್ರ. ಈಗ ಮೊಬೈಲ್ ಫೋನಿನಲ್ಲಿ ತೆಗೆದ ಒಂದೇ ಒಂದು ಛಾಯಾಚಿತ್ರವು ಅಷ್ಟು ಜಾಗವನ್ನು ಹಿಡಿಯುವುದುಂಟು. ಡಿಸ್ಕುಗಳ ಶಕ್ತಿ ಬೆಳೆದಂತೆಲ್ಲ ಅವುಗಳಲ್ಲಿ ತುಂಬುವ ಮಾಹಿತಿಯೂ ಬೆಳೆಯುತ್ತ ಬಂದಿತು.

ಈ ಬೆಳವಣಿಗೆಯು ಚಕ್ರಬಡ್ಡಿಯ ಜಾತಿಗೆ ಸೇರಿದುದು. ಒಂದು ಕಾಲೇಜಿನಲ್ಲಿ ಈ ವರ್ಷ ೧೦ ಟೆರಾಬೈಟುಗಳಷ್ಟು ಕಡತಗಳಿವೆ. ಅವು ವರ್ಷಕ್ಕೆ ನೂರಕ್ಕೆ ೪೦ರಂತೆ ಹೆಚ್ಚುತ್ತಿವೆ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಎರಡು ವರ್ಷಗಳಲ್ಲಿ ಅವು ೧೯·೬ ಟೆರಾಬೈಟುಗಳಾಗುತ್ತವೆ, ಎಂದರೆ ಹೆಚ್ಚುಕಡಿಮೆ ಇಮ್ಮಡಿ. ಐದು ವರ್ಷಗಳಲ್ಲಿ ಸುಮಾರು ೫೪. ಹತ್ತು ವರ್ಷಗಳಲ್ಲಿ ಸುಮಾರು ೨೮೯. ಇಂದು ಇಮ್ಮಡಿ ದೊಡ್ಡದಾದ ಸರ್ವರನ್ನು ಕೊಂಡುತಂದರೂ ಅದು ಎರಡೇ ವರ್ಷಗಳಿಗೆ ಸಾಕಾಗುತ್ತದೆ. ಆದುದರಿಂದ "ದೊಡ್ಡದೊಂದನ್ನು ತಂದುಬಿಡೋಣ" ಎಂಬುದು ಪರಿಹಾರವಲ್ಲ. ತೊಂದರೆಯನ್ನು ಸ್ವಲ್ಪ ಕಾಲ ಮುಂದಕ್ಕೆ ತಳ್ಳಿದಂತೆ, ಅಷ್ಟೆ. ಮತ್ತೆ ಮತ್ತೆ ಹೊಸ ಸರ್ವರುಗಳನ್ನು ಸೇರಿಸುತ್ತ ಹೋಗಲು ಆಸ್ಪದವಿರುವ ವ್ಯವಸ್ಥೆಯೇ ಬೇಕು.

ಎರಡನೆಯ ಸರ್ವರು ಬಂದಾಗ

ಮೇಲ್ಕಂಡ ಕಾಲೇಜಿನಲ್ಲಿ ಮೊದಲನೆಯ ಸರ್ವರಿಗೆ "ಕಾವೇರಿ" ಎಂದು ಹೆಸರಿಟ್ಟಿದ್ದಾರೆ ಎನ್ನೋಣ. ಸಸ್ಯಶಾಸ್ತ್ರ ವಿಭಾಗದ ಚಿತ್ರಗಳೆಲ್ಲ "ಕಾವೇರಿ, ಸಸ್ಯಶಾಸ್ತ್ರ, ಚಿತ್ರಗಳು" ಎಂಬ ವಿಳಾಸದಲ್ಲಿವೆ. ಕಾವೇರಿ ತುಂಬಿತು, "ತುಂಗಾ" ಎಂಬ ಎರಡನೆಯ ಸರ್ವರು ಬಂದಿತು. ಸಸ್ಯಶಾಸ್ತ್ರದ ಚಿತ್ರಗಳನ್ನು ತುಂಗೆಗೆ ಸಾಗಿಸಿದರು. ಮರುದಿನ ಅಧ್ಯಾಪಕರು ಬಂದು ಹಳೆಯ ವಿಳಾಸದಲ್ಲಿ ಹುಡುಕುತ್ತಾರೆ, ಚಿತ್ರಗಳಿಲ್ಲ! ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ, ಪಾಠದ ಪುಟಗಳಲ್ಲಿ, ಗಣಿತ ಮಾಡುವ ಕಾರ್ಯಕ್ರಮಗಳಲ್ಲಿ ಬರೆದಿಟ್ಟ ವಿಳಾಸಗಳೆಲ್ಲ ಒಮ್ಮೆಗೇ ಸುಳ್ಳಾದುವು. ಒಂದೇ ಒಂದು ಬೈಟೂ ನಾಶವಾಗಿಲ್ಲ. ಆದರೂ ಬಳಸುವವರ ಪಾಲಿಗೆ ಎಲ್ಲವೂ ಕಳೆದುಹೋದಂತೆ.

ಸಾಗಿಸುವ ಕೆಲಸವೂ ಹಗುರವಲ್ಲ. ಸಾಮಾನ್ಯವಾದ ಒಂದು ಗಿಗಾಬಿಟ್ ಜಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ ೧೨·೫ ಕೋಟಿ ಬೈಟುಗಳು ಹರಿಯಬಲ್ಲವು. ೧೦ ಟೆರಾಬೈಟುಗಳನ್ನು ಸಾಗಿಸಲು ೮೦,೦೦೦ ಸೆಕೆಂಡುಗಳು, ಎಂದರೆ ೨೨ ಗಂಟೆಗೂ ಮಿಕ್ಕಿ ಬೇಕು. ಅದೂ ಜಾಲದಲ್ಲಿ ಬೇರೆ ಯಾವ ಕೆಲಸವೂ ನಡೆಯದೆ ಇದ್ದರೆ. ಆಸ್ಪತ್ರೆಯೊಂದರಲ್ಲಿ "ನಾಳೆ ಇಡೀ ದಿನ ರೋಗಿಗಳ ದಾಖಲೆ ಸಿಗುವುದಿಲ್ಲ" ಎಂದು ಹಲಗೆ ತೂಗುಹಾಕಲು ಸಾಧ್ಯವೆ?

ಹಾಗಾದರೆ ತಪ್ಪು ಎಲ್ಲಿದೆ? ಕಡತದ ಹೆಸರಿನೊಳಗೆ ಅದರ ನೆಲೆಯನ್ನೂ ಸೇರಿಸಿ ಹೊಲಿದುದೇ ತಪ್ಪು. ಮನುಷ್ಯನು ಮನೆ ಬದಲಾಯಿಸಿದರೆ ಅವನ ಹೆಸರು ಬದಲಾಗುವುದಿಲ್ಲ. ಕಡತಕ್ಕೂ ಹೀಗೆಯೇ ಆಗಬೇಕು. ಹೆಸರು ಬೇರೆ, ನೆಲೆ ಬೇರೆ. ಹೆಸರು ಸ್ಥಿರ, ನೆಲೆ ಚರ. ಇವೆರಡರ ನಡುವೆ, ಇಂತಹ ಹೆಸರಿನದು ಈಗ ಇಂತಹ ನೆಲೆಯಲ್ಲಿದೆ ಎಂದು ಹೇಳುವ ಒಂದು ಸೂಚಿ ಇರಬೇಕು. ಈ ಸಣ್ಣ ಮಾತೇ ಮುಂದೆ ಬರುವ ವಿಷಯಕ್ಕೆಲ್ಲ ತಳಹದಿ.

ಪಿಟ್ಸ್‌ಬರ್ಗಿನ ಪಾಠ

ಈ ಮಾತನ್ನು ಅನುಭವದಿಂದ ಕಲಿತ ಒಂದು ಪ್ರಸಂಗವನ್ನು ನೋಡೋಣ. ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ೧೯೮೦ರ ದಶಕದಲ್ಲಿ, ಐಬಿಎಂ ಕಂಪನಿಯ ಸಹಕಾರದಿಂದ, ಆಂಡ್ರೂ ಎಂಬ ಕಡತವ್ಯವಸ್ಥೆಯನ್ನು ನಿರ್ಮಿಸಿದರು. ವಿಶ್ವವಿದ್ಯಾಲಯಕ್ಕೆ ತಮ್ಮ ಹೆಸರನ್ನಿತ್ತ ಆಂಡ್ರೂ ಕಾರ್ನೆಗಿ ಮತ್ತು ಆಂಡ್ರೂ ಮೆಲನ್ ಎಂಬವರ ಸ್ಮರಣೆಗಾಗಿ ಇಟ್ಟ ಹೆಸರು ಅದು. ೫,೦೦೦ಕ್ಕೂ ಹೆಚ್ಚು ಕಂಪ್ಯೂಟರುಗಳು ಒಂದೇ ಕಡತಭಂಡಾರವನ್ನು ಬಳಸುವಂತಾಗಬೇಕೆಂಬುದು ಅವರ ಗುರಿ.

ಮೊದಲ ಪ್ರಯೋಗದಲ್ಲಿ ಯಾವ ಕಡತ ಯಾವ ಸರ್ವರಿನಲ್ಲಿದೆ ಎಂಬ ಸೂಚನೆಯನ್ನು ಕಡತಗಳ ಕೋಶಗಳ ರಚನೆಯೊಳಗೇ ಸೇರಿಸಿಬಿಟ್ಟಿದ್ದರು. ಒಂದು ಸರ್ವರಿನ ಮೇಲೆ ಭಾರ ಹೆಚ್ಚಿ ಇನ್ನೊಂದು ಬಿಡುವಾಗಿದ್ದರೂ, ಬಳಕೆದಾರರ ಕಡತಗಳನ್ನು ಒಂದರಿಂದ ಇನ್ನೊಂದಕ್ಕೆ ಸರಿಸುವುದು ಬಲು ಕಷ್ಟವಾಯಿತು. ಒಬ್ಬೊಬ್ಬರಿಗೆ ಇಷ್ಟೇ ಜಾಗವೆಂದು ಮಿತಿ ಹಾಕಲೂ ಅನುಕೂಲವಿರಲಿಲ್ಲ. ಅಲ್ಲದೆ ಸರ್ವರಿಗೆ ಬರುತ್ತಿದ್ದ ಕೋರಿಕೆಗಳನ್ನು ಎಣಿಸಿ ನೋಡಿದಾಗ ಇನ್ನೊಂದು ಸೋಜಿಗ ಹೊರಬಿದ್ದಿತು. ಹತ್ತರಲ್ಲಿ ಹೆಚ್ಚುಕಡಿಮೆ ಒಂಬತ್ತು ಕೋರಿಕೆಗಳು ಕಡತವನ್ನು ಕೊಡಿ ಎಂದು ಕೇಳುವುವಾಗಿರಲಿಲ್ಲ, "ನನ್ನಲ್ಲಿರುವ ಪ್ರತಿ ಈಗಲೂ ಸರಿಯಾಗಿದೆಯೆ? ಕಡತದ ಸ್ಥಿತಿ ಹೇಗಿದೆ?" ಎಂದು ವಿಚಾರಿಸುವುವಾಗಿದ್ದುವು. ಅಂಗಡಿಗೆ ಬಂದವರಲ್ಲಿ ಒಬ್ಬನು ಸಾಮಾನು ಕೊಂಡು, ಉಳಿದ ಒಂಬತ್ತು ಮಂದಿ ಬೆಲೆ ಇಳಿಯಿತೇ ಎಂದು ಕೇಳಿಕೊಂಡು ಹೋದಂತಾಯಿತು.

ಈ ಅನುಭವದಿಂದ ಎರಡನೆಯ ಬಾರಿ ವ್ಯವಸ್ಥೆಯನ್ನು ಹೊಸದಾಗಿ ರಚಿಸಿದರು. ವಿಚಾರಣೆಯ ಕೋರಿಕೆಗಳನ್ನು ತಪ್ಪಿಸಲು, ಕಡತ ಬದಲಾದರೆ ಸರ್ವರೇ ತಾನಾಗಿ ತಿಳಿಸುವುದೆಂದು ಗೊತ್ತುಮಾಡಿದರು. ತಿಳಿಸುವ ತನಕ ಪ್ರತಿ ಸರಿಯಾಗಿದೆಯೆಂದೇ ನಂಬಬಹುದು. ಒಂದು ಸರ್ವರು ಮೊದಲು ಸುಮಾರು ೨೦ ಕಂಪ್ಯೂಟರುಗಳ ಭಾರವನ್ನು ಹೊರುತ್ತಿದ್ದುದು ಆಮೇಲೆ ಸುಮಾರು ೫೦ಕ್ಕೆ ಏರಿತು.

ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಟ್ಟ ಬದಲಾವಣೆ ಮತ್ತೊಂದು. ಪರಸ್ಪರ ಸಂಬಂಧವುಳ್ಳ ಕಡತಗಳನ್ನು, ಉದಾಹರಣೆಗೆ ಒಬ್ಬ ಬಳಕೆದಾರನ ಕಡತಗಳನ್ನೆಲ್ಲ, "ವಾಲ್ಯೂಮ್" ಎಂಬ ಒಂದು ಗಂಟಾಗಿ ಕಟ್ಟಿದರು. ಗಂಟಿಗೆ ಇಷ್ಟು ಜಾಗವೆಂದು ಮಿತಿ ಹಾಕಿದರು. ಪ್ರತಿಯೊಂದು ಕಡತಕ್ಕೂ ೯೬ ಬಿಟ್‌ಗಳ ಒಂದು ಗುರುತುಸಂಖ್ಯೆ. ಅದರಲ್ಲಿ ಯಾವ ಗಂಟು, ಗಂಟಿನಲ್ಲಿ ಯಾವ ಕಡತ ಎಂಬುದಿರುತ್ತದೆ. ಯಾವ ಸರ್ವರು ಎಂಬುದು ಮಾತ್ರ ಇರುವುದಿಲ್ಲ. ಯಾವ ಗಂಟು ಯಾವ ಸರ್ವರಿನಲ್ಲಿದೆ ಎಂದು ತಿಳಿಸಲು ಬೇರೆಯೇ ಒಂದು ಸೂಚಿಯನ್ನು ಮಾಡಿ, ಅದರ ಪ್ರತಿಯನ್ನು ಎಲ್ಲ ಸರ್ವರುಗಳಲ್ಲೂ ಇಟ್ಟರು.

ಇನ್ನು ಗಂಟನ್ನು ಸಾಗಿಸುವ ಬಗೆ. ಕೆಲಸ ನಡೆಯುತ್ತಿರುವಂತೆಯೇ ಗಂಟಿನ ಆ ಕ್ಷಣದ ಸ್ಥಿತಿಯನ್ನು ಒಂದು ಪ್ರತಿಯಾಗಿ ತೆಗೆದು ಹೊಸ ಸರ್ವರಿಗೆ ಕಳುಹಿಸುತ್ತಾರೆ. ಆ ಹೊತ್ತಿಗೆ ಕೆಲವು ಕಡತಗಳು ಬದಲಾಗಿರಬಹುದು. ಎರಡನೆಯ ಸಲ ಬದಲಾದವುಗಳನ್ನು ಮಾತ್ರ ಕಳುಹಿಸಿದರಾಯಿತು. ಮೊದಲನೆಯ ಸಾಗಣೆಗೆ ಗಂಟೆಗಳು ಹಿಡಿದರೂ ಎರಡನೆಯದಕ್ಕೆ ಸ್ವಲ್ಪವೇ ಹೊತ್ತು. ಕೊನೆಗೆ ಗಂಟನ್ನು ಕೆಲವು ಕ್ಷಣ ಮುಚ್ಚಿ, ಉಳಿದ ಅಲ್ಪ ಬದಲಾವಣೆಗಳನ್ನು ಸಾಗಿಸಿ, ಹೊಸ ನೆಲೆಯಲ್ಲಿ ತೆರೆಯುತ್ತಾರೆ. ಎಲ್ಲ ಸೂಚಿಗಳೂ ಕೂಡಲೆ ತಿದ್ದುಪಡಿಯಾಗದಿದ್ದರೂ ಬಾಧಕವಿಲ್ಲ. ಹಳೆಯ ಸರ್ವರಿನಲ್ಲಿ ಹೊಸ ವಿಳಾಸವನ್ನು ಬರೆದಿಟ್ಟಿರುತ್ತಾರೆ. ಮನೆ ಬದಲಾಯಿಸಿದವರು ಅಂಚೆಯವನಿಗೆ ಹೊಸ ವಿಳಾಸ ಹೇಳಿಹೋದರೆ ಕಾಗದಗಳು ಹಿಂಬಾಲಿಸಿ ಬರುವುದಿಲ್ಲವೆ? ಅದೇ ನ್ಯಾಯ. ಬಳಕೆದಾರನಿಗೆ ತನ್ನ ಕಡತಗಳು ಊರು ಬಿಟ್ಟುದೇ ತಿಳಿಯುವುದಿಲ್ಲ.

ಸೂಚಿಯಿಲ್ಲದೆ ಲೆಕ್ಕದಿಂದ ಹುಡುಕುವುದು

ಸೂಚಿಯನ್ನು ಇಡದೆಯೇ, ಕಡತದ ಹೆಸರಿನಿಂದ ನೇರವಾಗಿ ನೆಲೆಯನ್ನು ಲೆಕ್ಕಹಾಕಲು ಬಾರದೆ ಎಂದು ಚುರುಕು ಬುದ್ಧಿಯ ವಿದ್ಯಾರ್ಥಿ ಕೇಳಬಹುದು. ಬರುತ್ತದೆ. ಹೆಸರಿನ ಅಕ್ಷರಗಳಿಂದ ಒಂದು ಗೊತ್ತಾದ ಗಣಿತಕ್ರಮದ ಪ್ರಕಾರ ಸಂಖ್ಯೆಯೊಂದನ್ನು ಪಡೆಯಬಹುದು. ಇಂತಹ ಕ್ರಮಕ್ಕೆ ಹ್ಯಾಷ್ ಎಂದು ಹೆಸರು. ಒಂದೇ ಹೆಸರಿಗೆ ಯಾವಾಗಲೂ ಒಂದೇ ಸಂಖ್ಯೆ ಬರುತ್ತದೆ. ನಾಲ್ಕು ಸರ್ವರುಗಳಿದ್ದರೆ ಆ ಸಂಖ್ಯೆಯನ್ನು ೪ರಿಂದ ಭಾಗಿಸಿ ಶೇಷವನ್ನು ನೋಡೋಣ. ಶೇಷ ೦ ಬಂದರೆ ಮೊದಲನೆಯ ಸರ್ವರು, ೧ ಬಂದರೆ ಎರಡನೆಯದು, ಹೀಗೆ. ಸೂಚಿಯ ಗೊಡವೆಯೇ ಇಲ್ಲ.

ಆದರೆ ಐದನೆಯ ಸರ್ವರನ್ನು ಸೇರಿಸಿದಾಗ ಏನಾಗುತ್ತದೆಂಬುದನ್ನು ಪರೀಕ್ಷಿಸಿರಿ. ಈಗ ೫ರಿಂದ ಭಾಗಿಸಬೇಕು. ೧೭ನ್ನು ೪ರಿಂದ ಭಾಗಿಸಿದರೆ ಶೇಷ ೧; ೫ರಿಂದ ಭಾಗಿಸಿದರೆ ೨. ಆ ಕಡತ ಸ್ಥಳ ಬಿಡಬೇಕಾಯಿತು. ೦ಯಿಂದ ೧೯ರ ತನಕ ಇಪ್ಪತ್ತು ಸಂಖ್ಯೆಗಳನ್ನು ಹೀಗೆ ಒರೆಹಚ್ಚಿ ನೋಡಿದರೆ ೦, ೧, ೨, ೩ ಈ ನಾಲ್ಕು ಮಾತ್ರ ಇದ್ದಲ್ಲಿಯೇ ಉಳಿಯುತ್ತವೆ. ಉಳಿದ ಹದಿನಾರೂ ಸ್ಥಳ ಬದಲಾಯಿಸುತ್ತವೆ. ನೂರಕ್ಕೆ ಎಂಬತ್ತು! ೪೦ ಟೆರಾಬೈಟುಗಳ ಭಂಡಾರದಲ್ಲಿ ೩೨ನ್ನು ಸಾಗಿಸಬೇಕು. ಮೇಲೆ ಹೇಳಿದ ಜಾಲದ ಒಂದೇ ದಾರಿಯಲ್ಲಿ ಸಾಗಿಸಿದರೆ ಇದು ಸುಮಾರು ಮೂರು ದಿನಗಳ ಕೆಲಸ. ಹೊಸ ಸರ್ವರಿಗೆ ಅದರ ಐದನೆಯ ಒಂದು ಪಾಲನ್ನು ಕೊಡಲು ೮ ಟೆರಾಬೈಟುಗಳನ್ನು ಸರಿಸಿದರೆ ಸಾಕಾಗಿತ್ತು. ಉಳಿದ ೨೪ನ್ನು ವೃಥಾ ಹಳೆಯ ಸರ್ವರುಗಳ ನಡುವೆ ಅಲೆದಾಡಿಸಿದಂತಾಯಿತು.

ಈ ದೋಷಕ್ಕೆ ೧೯೯೭ರಲ್ಲಿ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ಡೇವಿಡ್ ಕಾರ್ಗರ್ ಮತ್ತು ಅವರ ಸಂಗಡಿಗರು ಒಂದು ಸೊಗಸಾದ ಉಪಾಯವನ್ನು ಪ್ರಕಟಿಸಿದರು. ಒಂದು ವೃತ್ತವನ್ನು ಭಾವಿಸಿರಿ. ಹ್ಯಾಷ್ ಕ್ರಮದಿಂದ ಪ್ರತಿಯೊಂದು ಸರ್ವರಿಗೂ ವೃತ್ತದ ಅಂಚಿನ ಮೇಲೆ ಒಂದು ಬಿಂದು ಗೊತ್ತಾಗುತ್ತದೆ. ಪ್ರತಿಯೊಂದು ಕಡತಕ್ಕೂ ಒಂದು ಬಿಂದು ಗೊತ್ತಾಗುತ್ತದೆ. ಕಡತದ ಬಿಂದುವಿನಿಂದ ಪ್ರದಕ್ಷಿಣವಾಗಿ ಹೊರಟರೆ ಮೊದಲು ಎದುರಾಗುವ ಸರ್ವರೇ ಅದರ ಮನೆ. ಈಗ ಹೊಸ ಸರ್ವರೊಂದು ವೃತ್ತದ ಮೇಲೆ ಬಂದು ಕುಳಿತರೆ ಅದಕ್ಕೂ ಅದರ ಹಿಂದಿನ ಸರ್ವರಿಗೂ ನಡುವಣ ಕಂಸದಲ್ಲಿರುವ ಕಡತಗಳು ಮಾತ್ರ ಅದರ ಪಾಲಿಗೆ ಬರುತ್ತವೆ. ಮಿಕ್ಕವು ಅಲುಗಾಡುವುದಿಲ್ಲ. ಒಂದೊಂದು ಸರ್ವರಿಗೆ ಒಂದೇ ಬಿಂದುವನ್ನು ಕೊಟ್ಟರೆ ಕಂಸಗಳು ಹೆಚ್ಚುಕಡಿಮೆಯಾಗುವ ಸಂಭವವಿರುವುದರಿಂದ ಒಂದೊಂದಕ್ಕೂ ಹಲವಾರು ಬಿಂದುಗಳನ್ನು ಕೊಡುವುದು ರೂಢಿ. ಆಗ ಐದನೆಯ ಸರ್ವರು ನಾಲ್ಕು ಹಳೆಯ ಸರ್ವರುಗಳಿಂದಲೂ ಸ್ವಲ್ಪ ಸ್ವಲ್ಪ ಪಡೆದು ಸುಮಾರು ಐದನೆಯ ಒಂದು ಪಾಲನ್ನು ತುಂಬಿಕೊಳ್ಳುತ್ತದೆ.

ಸಾವಿರ ಡಿಸ್ಕುಗಳಿದ್ದರೆ

ಇಷ್ಟರ ತನಕ ಯಂತ್ರಗಳು ಕೆಡುವುದೇ ಇಲ್ಲವೆಂಬಂತೆ ಮಾತನಾಡಿದೆವು. ವಾಸ್ತವವಾಗಿ ಡಿಸ್ಕುಗಳು ಕೆಡುತ್ತವೆ. ಒಂದು ಡಿಸ್ಕು ಒಂದು ವರ್ಷದಲ್ಲಿ ಕೆಡುವ ಸಂಭವ ನೂರಕ್ಕೆ ಎರಡು ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಮನೆಯಲ್ಲಿ ಒಂದೇ ಡಿಸ್ಕಿರುವವನು ಹಲವು ವರ್ಷ ನಿಶ್ಚಿಂತನಾಗಿರಬಹುದು. ಆದರೆ ೧,೦೦೦ ಡಿಸ್ಕುಗಳಿರುವಲ್ಲಿ ವರ್ಷಕ್ಕೆ ೨೦ ಕೆಡುತ್ತವೆ, ಎಂದರೆ ಹದಿನೆಂಟು ದಿನಗಳಿಗೊಂದು. ೧೦,೦೦೦ ಇರುವಲ್ಲಿ ಎರಡು ದಿನಗಳಿಗೊಂದು. ಭಂಡಾರವು ಬೆಳೆದಂತೆಲ್ಲ ಕೆಡುಕು ಆಕಸ್ಮಿಕವಲ್ಲ, ದಿನಚರಿ. ಚಿಕ್ಕ ವ್ಯವಸ್ಥೆಗೂ ದೊಡ್ಡ ವ್ಯವಸ್ಥೆಗೂ ಇರುವ ನಿಜವಾದ ಅಂತರ ಇದೇ.

ಈ ಸತ್ಯವನ್ನು ಮೊದಲೇ ಒಪ್ಪಿಕೊಂಡು ಕಟ್ಟಿದ ವ್ಯವಸ್ಥೆಗಳಲ್ಲಿ ಗೂಗಲ್ ಕಂಪನಿಯ ಕಡತವ್ಯವಸ್ಥೆ ಪ್ರಸಿದ್ಧವಾದುದು. ೨೦೦೩ರಲ್ಲಿ ಸಂಜಯ್ ಗೆಮಾವತ್, ಹೋವರ್ಡ್ ಗೋಬಿಯಾಫ್, ಶುನ್-ಟಾಕ್ ಲ್ಯೂಂಗ್ ಎಂಬ ಮೂವರು ಅದರ ವಿವರವನ್ನು ಪ್ರಕಟಿಸಿದರು. ಆಗ್ಗೆ ಅದರ ಅತಿ ದೊಡ್ಡ ಸಮೂಹದಲ್ಲಿ ಸಾವಿರಕ್ಕೂ ಹೆಚ್ಚು ಯಂತ್ರಗಳೂ ನೂರಾರು ಟೆರಾಬೈಟುಗಳ ಜಾಗವೂ ಇದ್ದುವು. ಅಂಗಡಿಯಲ್ಲಿ ಸಿಗುವ ಸಾಧಾರಣ ಯಂತ್ರಗಳಿಂದಲೇ ಅದನ್ನು ಕಟ್ಟಿದ್ದರು. ಮುಂದೆ ಆ ಕಂಪನಿಯು ಬೇರೆ ವ್ಯವಸ್ಥೆಗೆ ಹೋಯಿತಾದರೂ ಅಂದಿನ ತತ್ತ್ವಗಳು ಕಲಿಯತಕ್ಕವು.

ಅದರಲ್ಲಿ ದೊಡ್ಡ ಕಡತವನ್ನು ೬೪ ಮೆಗಾಬೈಟುಗಳ ತುಂಡುಗಳಾಗಿ ಮಾಡುತ್ತಿದ್ದರು. ಒಂದೊಂದು ತುಂಡಿಗೂ ಸಾಮಾನ್ಯವಾಗಿ ಮೂರು ಪ್ರತಿಗಳು, ಬೇರೆ ಬೇರೆ ಯಂತ್ರಗಳಲ್ಲಿ. ಮೂರೂ ಒಂದೇ ಕಪಾಟಿನಲ್ಲಿರುವ ಯಂತ್ರಗಳಲ್ಲಿದ್ದರೆ ಆ ಕಪಾಟಿಗೆ ವಿದ್ಯುತ್ತು ನಿಂತಾಗ ಮೂರೂ ಒಟ್ಟಿಗೆ ಇಲ್ಲವಾಗುತ್ತವೆ. ಆದುದರಿಂದ ಬೇರೆ ಕಪಾಟುಗಳಿಗೆ ಹಂಚುತ್ತಿದ್ದರು. ಯಾವ ತುಂಡು ಎಲ್ಲಿದೆ ಎಂಬುದನ್ನು ಒಂದು ಮುಖ್ಯ ಯಂತ್ರವು ತನ್ನ ನೆನಪಿನಲ್ಲಿ ಇಟ್ಟುಕೊಂಡಿರುತ್ತಿತ್ತು. ತುಂಡು ಯಂತ್ರಗಳು ಆಗಾಗ ಅದಕ್ಕೆ "ನಾನು ಬದುಕಿದ್ದೇನೆ" ಎಂದು ಸುದ್ದಿ ಕಳುಹಿಸುತ್ತಿದ್ದುವು. ಈ ಸುದ್ದಿಗೆ ಹೃದಯಬಡಿತವೆಂದೇ ಹೆಸರು. ಬಡಿತ ನಿಂತ ಯಂತ್ರವು ಸತ್ತಿತೆಂದು ತಿಳಿದು, ಅದರಲ್ಲಿದ್ದ ತುಂಡುಗಳ ಹೊಸ ಪ್ರತಿಗಳನ್ನು ಉಳಿದ ಯಂತ್ರಗಳಿಂದ ಮಾಡಿಸಿ ಮತ್ತೆ ಮೂರಕ್ಕೆ ತುಂಬಿಸುವುದು ಮುಖ್ಯ ಯಂತ್ರದ ಕೆಲಸ. ಯಾರನ್ನೂ ಮಧ್ಯರಾತ್ರಿಯಲ್ಲಿ ಎಬ್ಬಿಸಬೇಕಾಗಿರಲಿಲ್ಲ.

ಅಷ್ಟು ದೊಡ್ಡ ಭಂಡಾರದ ಸೂಚಿಯು ಒಂದೇ ಯಂತ್ರದ ನೆನಪಿನಲ್ಲಿ ಹಿಡಿಯುವುದು ಹೇಗೆ? ಒಂದು ತುಂಡಿನ ವಿಷಯವನ್ನು ಬರೆದುಕೊಳ್ಳಲು ೬೪ ಬೈಟುಗಳಿಗಿಂತ ಕಡಮೆ ಜಾಗ ಸಾಕಾಗುತ್ತಿತ್ತು. ೬೪ ಮೆಗಾಬೈಟುಗಳಿಗೆ ೬೪ ಬೈಟುಗಳು, ಎಂದರೆ ಹತ್ತು ಲಕ್ಷಕ್ಕೆ ಒಂದು. ೩೦೦ ಟೆರಾಬೈಟುಗಳ ಕಡತಗಳಿಗೆ ಸುಮಾರು ೩೦೦ ಮೆಗಾಬೈಟುಗಳ ಸೂಚಿ! ಭಂಡಾರ ಎಷ್ಟೇ ದೊಡ್ಡದಾದರೂ ಅದರ ಸೂಚಿ ಚಿಕ್ಕದು. ಚಿಕ್ಕದಾದುದರಿಂದಲೇ ಅದನ್ನು ಕೂಡಲೆ ಓದಬಹುದು, ಕೂಡಲೆ ತಿದ್ದಬಹುದು. ಕಡತವನ್ನು ಬೇಡುವವನು ಸೂಚಿಯಿಂದ ವಿಳಾಸವನ್ನಷ್ಟೇ ಕೇಳಿಕೊಂಡು, ಕಡತವನ್ನು ತುಂಡು ಯಂತ್ರದಿಂದ ನೇರವಾಗಿ ಪಡೆಯುತ್ತಿದ್ದುದರಿಂದ ಮುಖ್ಯ ಯಂತ್ರದ ಬಾಗಿಲಲ್ಲಿ ನೂಕುನುಗ್ಗಲಾಗುತ್ತಿರಲಿಲ್ಲ.

ಆದರೆ ಸೂಚಿಯೇ ಹಾಳಾದರೆ? ತುಂಡುಗಳೆಲ್ಲ ಕ್ಷೇಮವಾಗಿದ್ದರೂ ಅವು ಯಾವ ಕಡತದವೆಂದು ಹೇಳುವವರಿಲ್ಲ; ಮೊದಲು ಹೇಳಿದ ಕಾಗದದ ಕಣಜದ ಗತಿಯೇ ಬಂದಂತೆ. ಆದುದರಿಂದ ಸೂಚಿಯಲ್ಲಿ ಮಾಡಿದ ಪ್ರತಿಯೊಂದು ಬದಲಾವಣೆಯನ್ನೂ ದಿನಚರಿಯಂತೆ ಬರೆದು, ಆ ಬರಹದ ಪ್ರತಿಗಳನ್ನು ಬೇರೆ ಯಂತ್ರಗಳಲ್ಲೂ ಇಡುತ್ತಿದ್ದರು. ಭಂಡಾರದಲ್ಲಿ ಎಲ್ಲಕ್ಕಿಂತ ಚಿಕ್ಕ ಭಾಗವೇ ಎಲ್ಲಕ್ಕಿಂತ ಹೆಚ್ಚು ಜೋಪಾನಮಾಡಬೇಕಾದ ಭಾಗ.

ಹೊಸ ಸರ್ವರನ್ನು ಸೇರಿಸುವಾಗ ಅನುಭವಿಗಳು ಹೇಳುವ ಒಂದು ಎಚ್ಚರಿಕೆಯನ್ನೂ ಇಲ್ಲಿ ಗಮನಿಸೋಣ. ಹೊಸ ಯಂತ್ರದಲ್ಲಿ ಜಾಗ ಹೇರಳವಾಗಿದೆಯೆಂದು ಹೊಸ ಕಡತಗಳನ್ನೆಲ್ಲ ಅದಕ್ಕೇ ತುಂಬಿದರೆ ಏನಾಗುತ್ತದೆ? ಈಗತಾನೆ ಬರೆದ ಕಡತಗಳಿಗೆ ಬೇಡಿಕೆಯೂ ಹೆಚ್ಚಾಗಿರುವುದುಂಟು. ಎಲ್ಲರೂ ಆ ಒಂದೇ ಯಂತ್ರಕ್ಕೆ ಮುತ್ತುತ್ತಾರೆ, ಹಳೆಯವು ಸುಮ್ಮನಿರುತ್ತವೆ. ಹೊಸದಾಗಿ ಕೊಂಡುತಂದ ಎತ್ತಿಗೆ ಮೊದಲ ದಿನವೇ ಊರ ಹೊರೆಯನ್ನೆಲ್ಲ ಹೇರಿದಂತೆ. ಆದುದರಿಂದ ಮೇಲ್ಕಂಡ ವ್ಯವಸ್ಥೆಯಲ್ಲಿ ಖಾಲಿ ಯಂತ್ರವನ್ನು ನಿಧಾನವಾಗಿ ತುಂಬುತ್ತಿದ್ದರು. ಜಾಗವನ್ನು ಸಮವಾಗಿ ಹಂಚುವುದೂ ಕೆಲಸವನ್ನು ಸಮವಾಗಿ ಹಂಚುವುದೂ ಬೇರೆ ಬೇರೆ ಎಂಬುದನ್ನು ಮರೆಯಬಾರದು.

ಕೂಡಿಸುವ ಲೆಕ್ಕದಿಂದ ರಕ್ಷಣೆ

ಮೂರು ಪ್ರತಿಗಳನ್ನಿಟ್ಟರೆ ಮೂರು ಪಾಲು ಡಿಸ್ಕುಗಳು ಬೇಕು, ಖರ್ಚು ಮುಮ್ಮಡಿ. ಇದಕ್ಕಿಂತ ಅಗ್ಗವಾದ ದಾರಿಯಿಲ್ಲವೆ? ಉಂಟು. ಮೂರು ಡಿಸ್ಕುಗಳಲ್ಲಿ ೭, ೪, ೯ ಎಂಬ ಸಂಖ್ಯೆಗಳಿವೆ ಎನ್ನೋಣ. ನಾಲ್ಕನೆಯ ಡಿಸ್ಕಿನಲ್ಲಿ ಅವುಗಳ ಮೊತ್ತ ೨೦ನ್ನು ಬರೆದಿಡೋಣ. ಎರಡನೆಯ ಡಿಸ್ಕು ಕೆಟ್ಟುಹೋಯಿತು. ೨೦ರಲ್ಲಿ ೭ನ್ನೂ ೯ನ್ನೂ ಕಳೆದರೆ ೪ ತಾನಾಗಿ ಹೊರಬರುತ್ತದೆ! ಮೂರು ಡಿಸ್ಕುಗಳ ಮಾಹಿತಿಗೆ ನಾಲ್ಕೇ ಡಿಸ್ಕುಗಳು ಸಾಕಾದುವು. ಕಂಪ್ಯೂಟರುಗಳು ಮೊತ್ತದ ಬದಲಿಗೆ ಬಿಟ್‌ಗಳ ಸಮ-ವಿಷಮತೆಯನ್ನು ಬರೆದಿಡುತ್ತವೆ; ತತ್ತ್ವ ಒಂದೇ. ಸಾಧಾರಣ ಡಿಸ್ಕುಗಳ ಗುಂಪನ್ನು ಹೀಗೆ ಬಲಪಡಿಸುವ ಹಲವು ಕ್ರಮಗಳನ್ನು ೧೯೮೮ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬವರು ವಿಂಗಡಿಸಿ "ರೇಡ್" ಎಂದು ಹೆಸರಿಟ್ಟರು.

ಇದರಲ್ಲಿಯೂ ಮಿತಿಯುಂಟು. ಒಂದು ಡಿಸ್ಕು ಕೆಟ್ಟು, ಅದನ್ನು ಪುನಃ ಕಟ್ಟುತ್ತಿರುವಾಗಲೇ ಎರಡನೆಯದೂ ಕೆಟ್ಟರೆ ಮೊತ್ತದಿಂದ ಎರಡನ್ನೂ ಬಿಡಿಸಲಾಗುವುದಿಲ್ಲ. ಒಂದು ಸಮೀಕರಣದಿಂದ ಎರಡು ಅಜ್ಞಾತಗಳನ್ನು ಕಂಡುಹಿಡಿಯಲಾಗದೆಂದು ಬೀಜಗಣಿತದಲ್ಲಿ ನೀವು ಓದಿದ್ದೀರಷ್ಟೆ. ಎರಡು ಅಜ್ಞಾತಗಳಿಗೆ ಎರಡು ಸಮೀಕರಣಗಳು ಬೇಕು. ಆದುದರಿಂದ ದೊಡ್ಡ ಭಂಡಾರಗಳಲ್ಲಿ ಇಂತಹ ಪರೀಕ್ಷಾಸಂಖ್ಯೆಗಳನ್ನು ಎರಡು, ಮೂರು ಅಥವಾ ಇನ್ನೂ ಹೆಚ್ಚಾಗಿ ಇಡುತ್ತಾರೆ. ಶಾಲೆಯ ಸಮೀಕರಣವು ಇಲ್ಲಿ ಆಸ್ಪತ್ರೆಯ ದಾಖಲೆಯನ್ನು ಕಾಯುತ್ತದೆ.

ಪ್ರತಿಯಿದ್ದ ಮಾತ್ರಕ್ಕೆ ಸಾಲದು

ವ್ಯವಸ್ಥೆ ಎಷ್ಟೇ ಚೆನ್ನಾಗಿದ್ದರೂ ಒಂದು ಅಪಾಯ ಉಳಿಯುತ್ತದೆ. ಡಿಸ್ಕು ಕೆಟ್ಟರೆ ಉಳಿದ ಪ್ರತಿಗಳು ಕಾಪಾಡುತ್ತವೆ. ಆದರೆ ಬಳಕೆದಾರನೇ ಕೈತಪ್ಪಿ ಕಡತವನ್ನು ಅಳಿಸಿದರೆ? ವ್ಯವಸ್ಥೆಯು ವಿಧೇಯನಾದ ಆಳಿನಂತೆ ಮೂರು ಪ್ರತಿಗಳನ್ನೂ ಅಳಿಸುತ್ತದೆ. ಒಂದು ಪ್ರತಿಯಲ್ಲಿ ತಪ್ಪು ಬರೆದರೆ ಅದು ಮೂರರಲ್ಲೂ ಮೂಡುತ್ತದೆ. ಯಂತ್ರದ ಕೆಡುಕಿಗೆ ಮದ್ದಾದುದು ಮನುಷ್ಯನ ತಪ್ಪಿಗೆ ಮದ್ದಾಗುವುದಿಲ್ಲ.

ಇದಕ್ಕೆ ಬೇಕಾದುದು ಹಿಂದಿನ ಕಾಲದ ಪ್ರತಿ. ಆಂಡ್ರೂ ವ್ಯವಸ್ಥೆಯಲ್ಲಿ ಗಂಟಿನ ಹಿಂದಿನ ದಿನದ ಸ್ಥಿತಿಯನ್ನು ಬದಲಿಸಲಾಗದ ಪ್ರತಿಯಾಗಿ ಬಳಕೆದಾರನ ಕೈಗೆ ಎಟಕುವಂತೆಯೇ ಇಡುತ್ತಿದ್ದರು. ನಿನ್ನೆಯ ಕಡತವನ್ನು ಅವನೇ ಹಿಂದಕ್ಕೆ ಪಡೆಯಬಹುದಾಗಿತ್ತು. ಗೂಗಲಿನ ವ್ಯವಸ್ಥೆಯಲ್ಲಿ ಅಳಿಸಿದ ಕಡತವನ್ನು ಕೂಡಲೆ ನಾಶಮಾಡದೆ, ಹೆಸರು ಬದಲಾಯಿಸಿ ಮರೆಯಾಗಿಟ್ಟು, ಸಾಮಾನ್ಯವಾಗಿ ಮೂರು ದಿನಗಳಾದ ಮೇಲೆ ನಿಜವಾಗಿ ಅಳಿಸುತ್ತಿದ್ದರು. ಇವಲ್ಲದೆ ಬೇರೆ ಕಟ್ಟಡದಲ್ಲಿ, ಸಾಧ್ಯವಾದರೆ ಬೇರೆ ಊರಿನಲ್ಲಿ, ಜಾಲದಿಂದ ಬೇರ್ಪಡಿಸಿದ ಒಂದು ಪ್ರತಿಯನ್ನಿಡುವುದು ಅವಶ್ಯಕ. ಬೆಂಕಿಗೂ ನೆರೆಗೂ ಕಳ್ಳರಿಗೂ ನಮ್ಮ ಸೂಚಿಯ ಪರಿಚಯ ಬೇಕಾಗಿಲ್ಲ.

ಮುಗಿಸುವ ಮುನ್ನ

ಸ್ವಿಟ್ಸರ್ಲೆಂಡಿನ ಜಿನೀವಾ ನಗರದ ಬಳಿಯ ಸರ್ನ್ ಸಂಶೋಧನಾಲಯವು ಪರಮಾಣುವಿನ ಒಳಗಣ ಕಣಗಳನ್ನು ಡಿಕ್ಕಿಹೊಡೆಸಿ ಪರಿಶೀಲಿಸುತ್ತದೆ. ಅಲ್ಲಿನ ಡಿಸ್ಕುಗಳ ಒಟ್ಟು ಶಕ್ತಿಯು ೨೦೨೩ರಲ್ಲಿ ಹತ್ತು ಲಕ್ಷ ಟೆರಾಬೈಟುಗಳನ್ನು ದಾಟಿತು. ಸಾಧನಗಳ ಸಂಖ್ಯೆ ಆಗ ಸುಮಾರು ೧,೧೧,೦೦೦. ನಾವು ಲೆಕ್ಕಕ್ಕೆ ಹಿಡಿದ ಗಿಗಾಬಿಟ್ ಜಾಲದ ಒಂದೇ ದಾರಿಯಲ್ಲಿ ಅಷ್ಟು ಮಾಹಿತಿಯನ್ನು ಸಾಗಿಸಹೊರಟರೆ ಎರಡೂವರೆ ಶತಮಾನಗಳು ಬೇಕಾದಾವು. ಇಂತಹ ಭಂಡಾರವನ್ನು ಒಂದು ದಿನ ಮುಚ್ಚಿ ಇನ್ನೊಂದು ಭಂಡಾರಕ್ಕೆ ಸಾಗಿಸುವ ಮಾತೇ ಇಲ್ಲ. ಅದು ನಡೆಯುತ್ತಿರುವಂತೆಯೇ ಹಳೆಯ ಡಿಸ್ಕುಗಳು ಹೊರಹೋಗಬೇಕು, ಹೊಸವು ಒಳಬರಬೇಕು. ಕೇಳಿದ ಕಡತ ಮಾತ್ರ ಕೇಳಿದ ಹೆಸರಿನಲ್ಲೇ ಸಿಗಬೇಕು.

ಹಳೆಯ ಆಲದಮರದಲ್ಲಿ ಎಲೆಗಳು ಉದುರಿ ಚಿಗುರುತ್ತವೆ, ಬಿಳಲುಗಳು ಇಳಿದು ಕಾಂಡಗಳಾಗುತ್ತವೆ. ಆದರೂ ಊರವರು ಅದನ್ನು ಅದೇ ಮರವೆನ್ನುತ್ತಾರೆ. ಚೆನ್ನಾಗಿ ಕಟ್ಟಿದ ಕಡತಭಂಡಾರವೂ ಹಾಗೆಯೇ. ಒಳಗೆ ಎಲ್ಲವೂ ಬದಲಾಗುತ್ತಿದ್ದರೂ ಹೊರಗೆ ಹೆಸರು ನಿಂತಿರುತ್ತದೆ. ನಮ್ಮ ವಾಚಕರಲ್ಲಿ ಹಲವರು ಮುಂದೆ ಕಾಲೇಜಿನ, ಕಚೇರಿಯ, ಆಸ್ಪತ್ರೆಯ ಕಡತಗಳಿಗೆ ಕಾವಲುಗಾರರಾಗಬಹುದು. ಎರಡನೆಯ ಸರ್ವರನ್ನು ಕೊಳ್ಳುವ ಮುನ್ನ ಅವರು ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲಿ: ಮೂರನೆಯದು ಬಂದಾಗ ಯಾರ ಕಡತದ ಹೆಸರನ್ನು ನಾವು ಬದಲಾಯಿಸಬೇಕಾಗುತ್ತದೆ? "ಯಾರದನ್ನೂ ಇಲ್ಲ" ಎಂಬ ಉತ್ತರ ಬಂದರೆ ವ್ಯವಸ್ಥೆ ಸರಿಯಾಗಿದೆ.

ಅಭ್ಯಾಸಕ್ಕಾಗಿ

೧. ಐದು ಸರ್ವರುಗಳಿರುವಲ್ಲಿ ಆರನೆಯದನ್ನು ಸೇರಿಸಿ, ಶೇಷದ ಕ್ರಮದಿಂದಲೇ ಕಡತಗಳನ್ನು ಹಂಚಿದರೆ ೦ಯಿಂದ ೨೯ರ ತನಕದ ಮೂವತ್ತು ಕಡತಗಳಲ್ಲಿ ಎಷ್ಟು ಸ್ಥಳ ಬದಲಾಯಿಸುತ್ತವೆ?

೨. ನಾಲ್ಕು ಡಿಸ್ಕುಗಳ ಮೊತ್ತ ೬೧ ಎಂದು ಐದನೆಯದರಲ್ಲಿ ಬರೆದಿದೆ. ಒಂದು ಡಿಸ್ಕು ಕೆಟ್ಟಿದೆ. ಉಳಿದ ಮೂರರಲ್ಲಿ ೧೨, ೧೮, ೯ ಇವೆ. ಕಳೆದ ಸಂಖ್ಯೆ ಯಾವುದು?

೩. ಕಡತಗಳು ವರ್ಷಕ್ಕೆ ನೂರಕ್ಕೆ ೨೦ರಂತೆ ಹೆಚ್ಚಿದರೆ ಸುಮಾರು ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತವೆ?

ಉತ್ತರಗಳು: ೧. ಇಪ್ಪತ್ತೈದು. ೨. ೨೨. ೩. ಸುಮಾರು ನಾಲ್ಕು ವರ್ಷಗಳಲ್ಲಿ.